ಕೆನಡಾದವರಿಗೆ ಅಮೆರಿಕ ಅಂದರೆ ಯಾಕಿಷ್ಟು ಸಿಟ್ಟು?

ಪ್ರಶ್ನೆ: ನನ್ನ ಮಗಳ ಸಂಸಾರ ಕೆನಡಾದ ಬ್ರಾಂಪ್ಟನ್‌ನಲ್ಲಿದೆ. ಮಗನದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಕಳೆದ ಬಾರಿ ಎಲ್ಲರೂ ಊರಿಗೆ ಬಂದಿದ್ದಾಗ ಮೊಮ್ಮಕ್ಕಳು ಐಸ್ ಹಾಕಿ ಮ್ಯಾಚ್ ವಿಷಯಕ್ಕೆ ಶುರು ಮಾಡಿದ ತಮಾಷೆ ದೊಡ್ಡವರ ಮುನಿಸಿನಲ್ಲಿ ಮುಗಿಯಿತು. ಮಗಳು ಅಮೆರಿಕದ ಕಿತ್ತಳೆ ಜ್ಯೂಸ್ ಕೂಡ ಕೊಳ್ಳುವುದಿಲ್ಲವಂತೆ. ಮಗನಿಗೆ ಇದೆಲ್ಲ ಅತಿ ಅನಿಸುತ್ತದೆ. ನಾವು ಎರಡೂ ದೇಶ ನೋಡಿ ಬಂದಿದ್ದೇವೆ. ಅದೇ ಭಾಷೆ, ಅದೇ ಥರದ ಮನೆ, ಅದೇ ಥರದ ಅಂಗಡಿ. ಹಾಗಿದ್ದೂ ಇವರ ನಡುವೆ ಇಷ್ಟೊಂದು ಬಿಗುಮಾನ ಯಾಕೆ? ಇದು ಟ್ರಂಪ್ ಬಂದ ಮೇಲೆ ಶುರುವಾಗಿದ್ದಾ, ಮೊದಲಿನಿಂದಲೂ ಇತ್ತಾ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೊದಲಿನಿಂದಲೂ ಇತ್ತು, ಮೇಷ್ಟ್ರೇ. ಅಮೆರಿಕ ಎಂಬ ದೇಶ ಹುಟ್ಟುವಾಗಲೇ ಈ ಜಗಳವೂ ಹುಟ್ಟಿತು. ಟ್ರಂಪ್ ಬೂದಿ ಮುಚ್ಚಿದ ಕೆಂಡವನ್ನು ಕೆದಕಿದರು, ಅಷ್ಟೇ. ಇತಿಹಾಸಕ್ಕೆ ಹೋಗುವ ಮೊದಲು ನಿಮ್ಮ ಪತ್ರದ ಒಂದು ಸಾಲು ಹಿಡಿದುಕೊಳ್ಳುತ್ತೇನೆ. ಮಗನಿಗೆ "ಇದೆಲ್ಲ ಅತಿ" ಅನಿಸುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಈ ಪೈಪೋಟಿಯಲ್ಲಿ ಒಬ್ಬರು ಮಾತ್ರ ಸ್ಕೋರ್ ಬರೆದುಕೊಳ್ಳುತ್ತಾರೆ. ಇನ್ನೊಬ್ಬರಿಗೆ ಮ್ಯಾಚ್ ನಡೆಯುತ್ತಿರುವುದೇ ಗೊತ್ತಿರುವುದಿಲ್ಲ. ಅಮೆರಿಕದ ಜನಸಂಖ್ಯೆ ಸುಮಾರು 34 ಕೋಟಿ, ಕೆನಡಾದ್ದು 4 ಕೋಟಿ ಚಿಲ್ಲರೆ. ಕೆನಡಾ ನಕ್ಷೆಯಲ್ಲಿ ಭಾರಿ ದೊಡ್ಡದಾಗಿ ಕಾಣುತ್ತದೆ, ಆದರೆ ಅಲ್ಲಿನ ಮೂರನೇ ಎರಡು ಭಾಗ ಜನ ಅಮೆರಿಕದ ಗಡಿಯಿಂದ 100 ಕಿಲೋಮೀಟರ್ ಒಳಗೇ ಇದ್ದಾರೆ. ಹೊರದೇಶಕ್ಕೆ ಮಾರುವ ಸರಕಿನ ಬಹುಪಾಲು ಹೋಗುವುದು ಅಮೆರಿಕಕ್ಕೆ. ಟಿವಿ, ಸಿನಿಮಾ, ಸುದ್ದಿ ಎಲ್ಲ ಆ ಕಡೆಯಿಂದಲೇ ಬರುತ್ತದೆ. ಹಾಗಾಗಿ ಕೆನಡಾದವನಿಗೆ ಅಮೆರಿಕದ ರಾಜಕಾರಣಿಗಳ ಹೆಸರೆಲ್ಲ ಬಾಯಿಪಾಠ. ಅಮೆರಿಕದವನಿಗೆ ಕೆನಡಾದ ಪ್ರಧಾನಿ ಯಾರು ಎಂದರೆ ತಲೆ ಕೆರೆದುಕೊಳ್ಳುತ್ತಾನೆ.

ಕೆನಡಾದವರು ಇವತ್ತಿಗೂ ಹೇಳಿಕೊಂಡು ನಗುವ ಪ್ರಸಂಗ ಒಂದಿದೆ. 2000ದಲ್ಲಿ ಜಾರ್ಜ್ ಬುಷ್ ಅಧ್ಯಕ್ಷ ಸ್ಥಾನಕ್ಕೆ ಪ್ರಚಾರ ಮಾಡುತ್ತಿದ್ದರು. ಮಿಶಿಗನ್‌ನಲ್ಲಿ ಕೆನಡಾದ ಹಾಸ್ಯಗಾರ ರಿಕ್ ಮರ್ಸರ್ ವರದಿಗಾರನ ವೇಷದಲ್ಲಿ ಮೈಕ್ ಹಿಡಿದು, ಕೆನಡಾದ ಪ್ರಧಾನಿ "ಜಾನ್ ಪೂಟೀನ್" ನಿಮಗೆ ಬೆಂಬಲ ಘೋಷಿಸಿದ್ದಾರೆ ಎಂದ. ಬುಷ್ ಖುಷಿಯಿಂದಲೇ ಉತ್ತರ ಕೊಟ್ಟರು. ಆಗ ಪ್ರಧಾನಿಯಾಗಿದ್ದವರು ಜಾನ್ ಕ್ರೆಟಿಯೆನ್. ಪೂಟೀನ್ ಎಂದರೆ ಕರಿದ ಆಲೂಗಡ್ಡೆ ಮೇಲೆ ಚೀಸ್ ತುಣುಕು ಹಾಕಿ ಬಿಸಿ ಗ್ರೇವಿ ಸುರಿದು ಕೊಡುವ ಕ್ವಿಬೆಕ್‌ನ ತಿಂಡಿ! ಬುಷ್ ಅದನ್ನು ಮರೆಯಲಿಲ್ಲ ಎನ್ನಿ. 2004ರಲ್ಲಿ ಹ್ಯಾಲಿಫ್ಯಾಕ್ಸ್‌ಗೆ ಬಂದಾಗ, ಪೂಟೀನ್ ಅವರನ್ನು ಭೇಟಿಯಾಗಿ ಥ್ಯಾಂಕ್ಸ್ ಹೇಳಬೇಕಿತ್ತು ಎಂದು ತಾವೇ ತಮಾಷೆ ಮಾಡಿದರು.

ಈ ನಗುವಿನ ಅಡಿಯಲ್ಲಿ ನೋವಿದೆ. ಅಮೆರಿಕದವರು ತಮ್ಮನ್ನು ದ್ವೇಷಿಸಿದ್ದರೆ ಕೆನಡಾದವರಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಸ್ಥಿತಿ ಇದೆಯಲ್ಲ, ಅದು ಚುಚ್ಚುತ್ತದೆ. 1969ರಲ್ಲಿ ಪ್ರಧಾನಿ ಪಿಯರ್ ಟ್ರುಡೊ ವಾಷಿಂಗ್ಟನ್‌ಗೆ ಹೋಗಿ, ನಿಮ್ಮ ಪಕ್ಕ ಬದುಕುವುದು ಆನೆಯ ಜೊತೆ ಮಲಗಿದ ಹಾಗೆ ಎಂದಿದ್ದರು. ಆನೆ ಎಷ್ಟೇ ಸಾಧುವಾಗಿದ್ದರೂ ಅದು ಮಿಸುಕಿದಾಗಲೆಲ್ಲ ಪಕ್ಕದವನಿಗೆ ಎಚ್ಚರವಾಗುತ್ತದೆ. ಆನೆ ಮಾತ್ರ ನಿದ್ದೆಯಲ್ಲೇ ಇರುತ್ತದೆ.

ಈಗ ಹಳೇ ಕಥೆಗೆ ಬರೋಣ. ಇದನ್ನು ನೆರೆಹೊರೆಯ ಜಗಳ ಅನ್ನುವುದಕ್ಕಿಂತ ದಾಯಾದಿ ಜಗಳ ಅಂದರೆ ಸರಿ. ಒಂದೇ ಮನೆ ಎರಡು ಪಾಲಾಗಿದ್ದು. 1775ರಲ್ಲಿ ಬ್ರಿಟಿಷ್ ರಾಜನ ವಿರುದ್ಧ ಎದ್ದ ಅಮೆರಿಕದ ವಸಾಹತುಗಳು ಮೊದಲ ವರ್ಷವೇ ಕ್ವಿಬೆಕ್ ಮೇಲೆ ದಂಡೆತ್ತಿ ಹೋದವು. ಸೋತು ವಾಪಸ್ ಬಂದವು. ಕೊನೆಗೆ ಅಮೆರಿಕ ಸ್ವತಂತ್ರವಾದಾಗ, ರಾಜನ ಪಕ್ಷ ವಹಿಸಿದ್ದ ಹತ್ತಾರು ಸಾವಿರ ಜನ ಮನೆಮಠ ಕಳೆದುಕೊಂಡು ಉತ್ತರಕ್ಕೆ ನಡೆದರು. ಇವರೇ ಲಾಯಲಿಸ್ಟರು. ಇವರು ನೋವಾ ಸ್ಕೋಶಿಯಾಗೆ ಬಂದು ತುಂಬಿಕೊಂಡಿದ್ದಕ್ಕೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಹೊಸ ಪ್ರಾಂತ್ಯ ಮಾಡಬೇಕಾಯಿತು. ಇಂಗ್ಲಿಷ್ ಮಾತಾಡುವ ಕೆನಡಾದ ಬುನಾದಿ ಇಂಥವರದು. ಅವರ ಹೆಮ್ಮೆಯ ಮೊದಲ ಸಾಲೇ "ನಾವು ಅವರ ಹಾಗಲ್ಲ".

ಮುಂದೆ 1812ರ ಯುದ್ಧ. ಬ್ರಿಟನ್ ಮೇಲೆ ಅಮೆರಿಕ ಯುದ್ಧ ಸಾರಿತು. ಬ್ರಿಟನ್ನಿಗೆ ಸೇರಿದ ನೆಲಗಳಲ್ಲಿ ಅಮೆರಿಕದ ಕೈಗೆ ಸಿಗುವಷ್ಟು ಹತ್ತಿರ ಇದ್ದಿದ್ದು ಕೆನಡಾ. ಅದನ್ನು ಗೆಲ್ಲುವುದು ಸುಮ್ಮನೆ ನಡೆದುಕೊಂಡು ಹೋಗುವಷ್ಟೇ ಕೆಲಸ ಎಂದು ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಬರೆದಿದ್ದರು. ಆಗಿದ್ದು ಬೇರೆ. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಕೋಟೆಯನ್ನೇ ಅಮೆರಿಕದ ಸೇನಾಪತಿ ಬ್ರಿಟಿಷ್ ಜನರಲ್ ಐಸಾಕ್ ಬ್ರಾಕ್ ಮತ್ತು ಮೂಲನಿವಾಸಿ ನಾಯಕ ಟೆಕುಮ್ಸೆಗೆ ಒಪ್ಪಿಸಿಬಿಟ್ಟ. ಅಕ್ಟೋಬರ್ 13ರಂದು ನಯಾಗರಾ ನದಿ ದಾಟಿ ಬಂದ ಅಮೆರಿಕದ ಪಡೆ ಕ್ವೀನ್‌ಸ್ಟನ್ ಗುಡ್ಡದಲ್ಲಿ ಸೋತಿತು. ಆ ಕಾಳಗದಲ್ಲಿ ಬ್ರಾಕ್ ಸತ್ತು ಕೆನಡಾದ ವೀರನಾದ.

1813ರ ಏಪ್ರಿಲ್‌ನಲ್ಲಿ ಅಮೆರಿಕದವರು ಯಾರ್ಕ್ ಪಟ್ಟಣಕ್ಕೆ, ಅಂದರೆ ಇಂದಿನ ಟೊರಾಂಟೊಗೆ, ನುಗ್ಗಿದರು. ಶಾಸನಸಭೆಯ ಕಟ್ಟಡ ಸುಟ್ಟುಹೋಯಿತು. ಸಭೆಯಲ್ಲಿ ಇಡುವ ರಾಜದಂಡವನ್ನೂ ಹೊತ್ತುಕೊಂಡು ಹೋದರು. ಅದನ್ನು ವಾಪಸ್ ಕೊಟ್ಟಿದ್ದು ರೂಸ್‌ವೆಲ್ಟ್ ಕಾಲದಲ್ಲಿ, 1934ರಲ್ಲಿ! ಬ್ರಿಟಿಷರು 1814ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ಗೆ ನುಗ್ಗಿ ಶ್ವೇತಭವನಕ್ಕೆ ಬೆಂಕಿ ಇಟ್ಟರು. ಇವತ್ತಿಗೂ ಯಾವುದೇ ವಾದದಲ್ಲಿ ಕೆನಡಾದವರು ಕೊನೆಗೆ ಎತ್ತುವ ಮಾತು "ನಿಮ್ಮ ವೈಟ್ ಹೌಸ್ ಸುಟ್ಟವರು ನಾವು". ನಿಮ್ಮ ಬ್ರಾಂಪ್ಟನ್ ಮೊಮ್ಮಗ ಇದನ್ನು ಹೇಳಿದ್ದರೆ ಆಶ್ಚರ್ಯವಿಲ್ಲ. ಆದರೆ ಸುಟ್ಟಿದ್ದು ಸಮುದ್ರದ ಮೂಲಕ ಬಂದ ಬ್ರಿಟಿಷ್ ಸೈನಿಕರು. ನೆಪೋಲಿಯನ್ ವಿರುದ್ಧ ಯುರೋಪಿನಲ್ಲಿ ಹೋರಾಡಿ ಬಂದವರು ಅವರಲ್ಲಿ ಜಾಸ್ತಿ ಇದ್ದರು. ಕೆನಡಾದ ರೈತನಿಗೂ ಆ ಬೆಂಕಿಗೂ ಸಂಬಂಧ ಇಲ್ಲ.

ಇದೇ ಯುದ್ಧದ ಇನ್ನೊಂದು ಹೆಸರು ಲಾರಾ ಸೆಕಾರ್ಡ್. ಅಮೆರಿಕದವರು ದಾಳಿಗೆ ಸಜ್ಜಾಗುತ್ತಿರುವ ಸುದ್ದಿ ತಿಳಿದು, ಕ್ವೀನ್‌ಸ್ಟನ್‌ನಿಂದ ಸುಮಾರು 30 ಕಿಲೋಮೀಟರ್ ನಡೆದು ಬ್ರಿಟಿಷರಿಗೆ ಮುಟ್ಟಿಸಿದ ಗೃಹಿಣಿ. ಕೆನಡಾದ ಮಕ್ಕಳಿಗೆ ಅವಳ ಕಥೆ ಗೊತ್ತು, ಅವಳ ಹೆಸರಿನ ಚಾಕೊಲೇಟ್ ಇನ್ನೂ ಚೆನ್ನಾಗಿ ಗೊತ್ತು. ಅವಳು ಹುಟ್ಟಿದ್ದು ಎಲ್ಲಿ ಗೊತ್ತಾ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಅವಳ ಅಪ್ಪ ರಾಜನ ವಿರುದ್ಧವೇ ಹೋರಾಡಿದವನು. ದಾಯಾದಿ ಜಗಳ ಅಂದಿದ್ದು ಇದಕ್ಕೇ.

ಗೆದ್ದವರು ಯಾರು? ಒಪ್ಪಂದದಲ್ಲಿ ಗಡಿ ಇದ್ದಲ್ಲೇ ಉಳಿಯಿತು. ಅಮೆರಿಕದವರು ಬಾಲ್ಟಿಮೋರ್ ಕೋಟೆ ಉಳಿದ ಕಥೆಯನ್ನು ರಾಷ್ಟ್ರಗೀತೆ ಮಾಡಿಕೊಂಡರು. ಕೆನಡಾದವರು "ದೊಡ್ಡವರನ್ನು ತಡೆದೆವು" ಎಂದು ಎದೆ ತಟ್ಟಿಕೊಂಡರು. ಇಬ್ಬರಿಗೂ ತಾವು ಗೆದ್ದ ನೆನಪು. ನಿಜವಾಗಿ ಸೋತವರು ಟೆಕುಮ್ಸೆಯ ಜನ. ಅವನು 1813ರಲ್ಲಿ ಹತನಾದ, ತಮ್ಮದೇ ನಾಡು ಬೇಕೆಂಬ ಅವರ ಆಸೆ ಅಲ್ಲಿಗೆ ಮುಗಿಯಿತು. ಎರಡೂ ಕಡೆಯ ಹೆಮ್ಮೆಯಲ್ಲಿ ಅವನಿಗೊಂದು ಪ್ರತಿಮೆ ಸಿಕ್ಕಿತು, ನೆಲ ಸಿಗಲಿಲ್ಲ.

ಆಮೇಲಿನ ನೂರೆಪ್ಪತ್ತು ವರ್ಷವನ್ನು ಬೇಗ ಹೇಳಿಬಿಡುತ್ತೇನೆ. 1867ರಲ್ಲಿ ಪ್ರಾಂತ್ಯಗಳು ಒಟ್ಟಾಗಿ ಕೆನಡಾ ಆಗಲು ಒಂದು ಕಾರಣ, ಅಂತರ್ಯುದ್ಧ ಮುಗಿಸಿ ಬಲಿಷ್ಠವಾಗಿ ನಿಂತಿದ್ದ ಅಮೆರಿಕದ ಭಯ. 1903ರಲ್ಲಿ ಅಲಾಸ್ಕಾ ಗಡಿ ವಿವಾದದಲ್ಲಿ ಬ್ರಿಟಿಷ್ ನ್ಯಾಯಾಧೀಶರೇ ಅಮೆರಿಕದ ಪರ ಮತ ಹಾಕಿದಾಗ ಕೆನಡಾ ಕುದಿಯಿತು. 1911ರಲ್ಲಿ ಅಮೆರಿಕದ ಜೊತೆ ಸುಂಕ ಇಳಿಸುವ ಒಪ್ಪಂದ ಬಂದಾಗ, ಅಲ್ಲಿನ ಸಂಸತ್ ನಾಯಕ ಚಾಂಪ್ ಕ್ಲಾರ್ಕ್ ನಮ್ಮ ಬಾವುಟ ಉತ್ತರ ಧ್ರುವದ ತನಕ ಹಾರುವುದನ್ನು ನೋಡಬೇಕು ಎಂದುಬಿಟ್ಟರು. ಆ ವರ್ಷದ ಚುನಾವಣೆಯಲ್ಲಿ ಒಪ್ಪಂದ ಮಾಡಿದ ಪ್ರಧಾನಿ ಲೋರಿಯೇ ಸೋತರು. 1988ರಲ್ಲಿ ಮತ್ತೆ ಅದೇ ವಿಷಯ. ವಿರೋಧ ಪಕ್ಷದ ಟಿವಿ ಜಾಹೀರಾತಿನಲ್ಲಿ ಅಮೆರಿಕದ ಅಧಿಕಾರಿಯೊಬ್ಬ ನಕ್ಷೆಯ ಮೇಲಿನ ಗಡಿ ಗೆರೆಯನ್ನು ರಬ್ಬರಿನಿಂದ ಅಳಿಸುತ್ತಾನೆ. ಆ ಸಲ ಒಪ್ಪಂದದ ಪರ ಇದ್ದ ಪ್ರಧಾನಿ ಮಲ್ರೋನಿ ಗೆದ್ದರು, ಮುಕ್ತ ವ್ಯಾಪಾರ ಬಂತು.

ಹೀಗೆ ಬೆಳೆದ ಹೆಮ್ಮೆಗೆ ಒಂದು ವಿಚಿತ್ರ ಗುಣ ಇದೆ. ಅಮೆರಿಕದವನ ದೇಶಾಭಿಮಾನ ಯಾರ ಜೊತೆಗೂ ಹೋಲಿಸಿಕೊಳ್ಳುವುದಿಲ್ಲ. ಮನೆ ಮುಂದೆ ಬಾವುಟ ಕಟ್ಟುತ್ತಾನೆ, ನಾವೇ ನಂಬರ್ ಒನ್ ಅನ್ನುತ್ತಾನೆ, ಮುಗಿಯಿತು. ಕೆನಡಾದವನದು ಪಕ್ಕದ ಮನೆ ನೋಡಿಕೊಂಡೇ ಲೆಕ್ಕ ಹಾಕುವ ಹೆಮ್ಮೆ. ನಮ್ಮಲ್ಲಿ ಆಸ್ಪತ್ರೆ ಬಿಲ್ ಕಟ್ಟಿ ಯಾರೂ ದಿವಾಳಿ ಆಗಲ್ಲ. ನಮ್ಮಲ್ಲಿ ಬಂದೂಕು ಕಡಿಮೆ. ನಾವು ವಿನಯವಂತರು. 2004ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ಮಹಾನ್ ಕೆನಡಿಯನ್ ಯಾರು ಎಂದು ಮತ ಕೇಳಿದಾಗ ಗೆದ್ದಿದ್ದು ಟಾಮಿ ಡಗ್ಲಸ್, ಸಸ್ಕ್ಯಾಚವಾನ್ ಪ್ರಾಂತ್ಯದಲ್ಲಿ ಸರ್ಕಾರಿ ಆರೋಗ್ಯ ವಿಮೆಗೆ ದಾರಿ ಮಾಡಿದವರು. ಯುದ್ಧ ಗೆದ್ದವರಿಗಿಂತ ಆಸ್ಪತ್ರೆ ಖರ್ಚು ಇಳಿಸಿದವರಿಗೆ ಹೆಚ್ಚು ಮತ! ನನಗೆ ಕೆನಡಾದ ಬಗ್ಗೆ ಇಷ್ಟವಾಗುವ ಸಂಗತಿಗಳಲ್ಲಿ ಇದೊಂದು.

ಇದೇ ಹೆಮ್ಮೆ ಎಷ್ಟು ಬೇಗ ಕೆರಳುತ್ತದೆ ಅನ್ನುವುದಕ್ಕೆ ಟೆಲಿಫೋನ್ ಕಥೆ ನೋಡಿ. 2002ರ ಜೂನ್‌ನಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಟೆಲಿಫೋನ್ ವಿಷಯದಲ್ಲಿ ಇಟಲಿ ಮೂಲದ ಮ್ಯೂಚಿಯನ್ನು ಗೌರವಿಸುವ ನಿರ್ಣಯ ಮಾಡಿತು. ಗ್ರಹಾಂ ಬೆಲ್ ಆ ಯೋಚನೆ ಮಾಡಿದ್ದು ನಮ್ಮ ಬ್ರಾಂಟ್‌ಫರ್ಡ್‌ನಲ್ಲಿ ಎಂದು ಹೇಳಿಕೊಂಡು ಬಂದ ಕೆನಡಾಗೆ ತಡೆಯಲಾಗಲಿಲ್ಲ. ಹತ್ತೇ ದಿನದಲ್ಲಿ ಅಲ್ಲಿನ ಸಂಸತ್ತು, ಇಲ್ಲ, ಕಂಡುಹಿಡಿದವರು ಬೆಲ್ಲೇ ಎಂದು ತನ್ನ ನಿರ್ಣಯ ಮಾಡಿತು. ಪಾಪ, ಬೆಲ್ ಹುಟ್ಟಿದ್ದು ಸ್ಕಾಟ್ಲೆಂಡ್‌ನಲ್ಲಿ. ಇನ್ನೊಂದು: ಕೆನಡಾದ ಬಿಯರ್ ಕಂಪನಿ ಮೋಲ್ಸನ್ 2000ದಲ್ಲಿ ಒಂದು ಜಾಹೀರಾತು ಮಾಡಿತು. ಚೆಕ್ಸ್ ಅಂಗಿ ತೊಟ್ಟ ಒಬ್ಬ ಯುವಕ ವೇದಿಕೆ ಹತ್ತಿ, ನಾನು ಇಗ್ಲೂನಲ್ಲಿ ವಾಸ ಮಾಡಲ್ಲ, ನಮಗಿರುವುದು ಪ್ರಧಾನಿ, ಅಧ್ಯಕ್ಷ ಅಲ್ಲ ಎಂದು ಕೂಗುತ್ತಾನೆ. ದೇಶವೇ ಪುಳಕಗೊಂಡಿತು. ಐದು ವರ್ಷಕ್ಕೆ ಆ ಕಂಪನಿ ಅಮೆರಿಕದ ಕೂರ್ಸ್ ಜೊತೆ ವಿಲೀನವಾಯಿತು.

ಈಗ ನಿಮ್ಮ ಮೊಮ್ಮಕ್ಕಳ ಹಾಕಿಗೆ ಬರೋಣ. ಕೆನಡಾಗೆ ಅಮೆರಿಕವನ್ನು ಸಮಸಮವಾಗಿ ಎದುರಿಸಿ ಸೋಲಿಸಲು ಸಿಗುವ ಜಾಗ ಅಂದರೆ ಮಂಜುಗಡ್ಡೆಯ ಮೈದಾನ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ಗೆ ಐಸ್ ಹಾಸಲು ಹೋಗಿದ್ದ ಕೆನಡಾದ ಕೆಲಸಗಾರನೊಬ್ಬ ಮೈದಾನದ ನಟ್ಟನಡುವೆ, ಐಸ್‌ನ ಅಡಿಯಲ್ಲಿ, ಗುಟ್ಟಾಗಿ ಒಂದು ಡಾಲರ್ ನಾಣ್ಯ ಹುದುಗಿಸಿಟ್ಟ. ಕೆನಡಾದ ಗಂಡಸರ ತಂಡ ಫೈನಲ್‌ನಲ್ಲಿ ಅಮೆರಿಕವನ್ನು 5-2ರಿಂದ ಸೋಲಿಸಿ 50 ವರ್ಷದ ನಂತರ ಚಿನ್ನ ಗೆದ್ದಿತು. ಹೆಂಗಸರ ತಂಡವೂ ಅಲ್ಲೇ ಅಮೆರಿಕವನ್ನು ಸೋಲಿಸಿತ್ತು. ಆ ನಾಣ್ಯ ಈಗ ಟೊರಾಂಟೊದ ಹಾಕಿ ಮ್ಯೂಸಿಯಂನಲ್ಲಿ ದೇವರ ಪ್ರಸಾದದಷ್ಟು ಜೋಪಾನವಾಗಿದೆ. 2010ರ ವ್ಯಾಂಕೂವರ್‌ನಲ್ಲಿ ಸಿಡ್ನಿ ಕ್ರಾಸ್ಬಿ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲು ನಿಮ್ಮ ಅಳಿಯಂದಿರಿಗೂ ಗೊತ್ತಿರುತ್ತದೆ, ಕೇಳಿ ನೋಡಿ.

ಆದರೂ ರಾಷ್ಟ್ರಗೀತೆಯ ವಿಷಯದಲ್ಲಿ ಕೆನಡಾದ ಪ್ರೇಕ್ಷಕರು ಸಾಮಾನ್ಯವಾಗಿ ಸಭ್ಯರು. 2017ರಲ್ಲಿ ಎಡ್ಮಂಟನ್‌ನಲ್ಲಿ ಗಾಯಕನ ಮೈಕ್ ಕೈಕೊಟ್ಟಾಗ, ಅಮೆರಿಕದ ರಾಷ್ಟ್ರಗೀತೆಯನ್ನು ಕೆನಡಾದ ಜನರೇ ಒಟ್ಟಾಗಿ ಹಾಡಿ ಮುಗಿಸಿದರು. ಅಂಥ ಜನ 2025ರ ಫೆಬ್ರವರಿಯಲ್ಲಿ ಅದೇ ಗೀತೆಗೆ ಊರೂರಲ್ಲಿ ಕೂಗಿ ಗಲಾಟೆ ಮಾಡಿದರು. ನಡುವೆ ಆಗಿದ್ದು ಏನು ಅಂತ ನಿಮಗೆ ಗೊತ್ತು. ಟ್ರಂಪ್ ಕೆನಡಾವನ್ನು ಅಮೆರಿಕದ 51ನೇ ರಾಜ್ಯ ಮಾಡಿಕೊಳ್ಳುವ ಮಾತು ಆಡಿದರು. ಪ್ರಧಾನಿ ಜಸ್ಟಿನ್ ಟ್ರುಡೊ ಅವರನ್ನು "ಗವರ್ನರ್", ಅಂದರೆ ಅಮೆರಿಕದ ಒಂದು ರಾಜ್ಯದ ಮುಖ್ಯಸ್ಥ, ಎಂದು ಕರೆದರು. ಮೇಲೆ 25% ಸುಂಕದ ಬೆದರಿಕೆ. ಮೊದಲು ಎಲ್ಲರೂ ಜೋಕ್ ಅಂದುಕೊಂಡರು. ಮತ್ತೆ ಮತ್ತೆ ಹೇಳಿದಾಗ 1775, 1812, 1911 ಎಲ್ಲ ಒಟ್ಟಿಗೆ ನೆನಪಾಯಿತು.

ಫೆಬ್ರವರಿ 15ರಂದು ಮಾಂಟ್ರಿಯಲ್‌ನಲ್ಲಿ ನಾಲ್ಕು ದೇಶಗಳ ಹಾಕಿ ಟೂರ್ನಿಯ ಕೆನಡಾ-ಅಮೆರಿಕ ಪಂದ್ಯ. ಕೆನಡಾದ ಮೇಪಲ್ ಎಲೆಯ ಬಾವುಟಕ್ಕೆ ಅವತ್ತಿಗೆ ಸರಿಯಾಗಿ 60 ವರ್ಷ. ಗೀತೆಗಳಿಗೆ ಗೌರವ ಕೊಡಿ ಎಂದು ಮೈಕ್‌ನಲ್ಲಿ ಕೇಳಿಕೊಂಡರೂ ಜನ ಬಿಡಲಿಲ್ಲ. ಆಟ ಶುರುವಾದ 9 ಸೆಕೆಂಡಿನಲ್ಲಿ ಮೂರು ಹೊಡೆದಾಟ! ಅಮೆರಿಕದ ಪರ ಮೊದಲೆರಡು ಹೊಡೆದಾಟಕ್ಕೆ ಇಳಿದವರು ಟಕಾಚಕ್ ಸೋದರರು. ಅವರಲ್ಲಿ ತಮ್ಮ ಬ್ರೇಡಿ ಆಗ ಕೆನಡಾದ ರಾಜಧಾನಿ ಒಟ್ಟಾವಾದ ಕ್ಲಬ್ ತಂಡಕ್ಕೆ ಕ್ಯಾಪ್ಟನ್. ವಾರವಿಡೀ ಅವನಿಗೆ ಜೈಕಾರ ಹಾಕುತ್ತಿದ್ದವರು ಆ ರಾತ್ರಿ ಶಾಪ ಹಾಕಿದರು. ಅವತ್ತು ಅಮೆರಿಕ ಗೆದ್ದಿತು. ಐದು ದಿನ ಬಿಟ್ಟು ಬಾಸ್ಟನ್‌ನಲ್ಲಿ ಫೈನಲ್. ಕಾನರ್ ಮೆಕ್‌ಡೇವಿಡ್ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಕೆನಡಾವನ್ನು ಗೆಲ್ಲಿಸಿದ. ನಮ್ಮ ದೇಶವನ್ನೂ ಕಿತ್ತುಕೊಳ್ಳಲಾರಿರಿ, ನಮ್ಮ ಆಟವನ್ನೂ ಕಿತ್ತುಕೊಳ್ಳಲಾರಿರಿ ಎಂದು ಟ್ರುಡೊ ಬರೆದರು.

ಆಗಿನಿಂದ ಎಲ್ಲರ ಬಾಯಲ್ಲೂ "ಎಲ್ಬೋಸ್ ಅಪ್". ಹಾಕಿ ದಿಗ್ಗಜ ಗೋರ್ಡಿ ಹೌ ಮೂಲೆಯಲ್ಲಿ ಚೆಂಡಿಗೆ ಗುದ್ದಾಡುವಾಗ ಮೊಣಕೈ ಎತ್ತಿ ಎದುರಾಳಿಯನ್ನು ದೂರ ಇಡುತ್ತಿದ್ದರು, ಅದೇ ಘೋಷಣೆಯಾಯಿತು. ಐಸ್ ಹಾಕಿಯಲ್ಲಿ ಚೆಂಡಲ್ಲ, ಚಪ್ಪಟೆ ಬಿಲ್ಲೆ, ಅದಿರಲಿ. ಆ ಗೋರ್ಡಿ ಹೌ ತಮ್ಮ ಆಟದ ಹೆಚ್ಚಿನ ಕಾಲ ಕಳೆದದ್ದು ಅಮೆರಿಕದ ಡೆಟ್ರಾಯಿಟ್ ತಂಡದಲ್ಲಿ. ಡೆಟ್ರಾಯಿಟ್ ಮತ್ತು ಕೆನಡಾದ ವಿಂಡ್ಸರ್ ನಡುವೆ ಕಟ್ಟಿದ ಹೊಸ ಸೇತುವೆಗೂ ಅವರದೇ ಹೆಸರು.

ನಿಮ್ಮ ಮಗಳ ಜ್ಯೂಸ್ ವಿಷಯವೂ ಇಲ್ಲಿಂದ ಬಂದದ್ದು. ಮಾರ್ಚ್ 4ರಂದು ಸುಂಕ ಜಾರಿಯಾದಾಗ ಕೆನಡಾ ತಿರುಗಿ ಸುಂಕ ಹಾಕಿದ ಪಟ್ಟಿಯಲ್ಲಿ ಕಿತ್ತಳೆ ಜ್ಯೂಸ್ ಇತ್ತು. ಅದರಲ್ಲಿ ಫ್ಲಾರಿಡಾದ್ದು ಜಾಸ್ತಿ, ಫ್ಲಾರಿಡಾ ಟ್ರಂಪ್ ಊರು. ಒಂಟಾರಿಯೊದಲ್ಲಿ ಮದ್ಯ ಮಾರುವ ಸರ್ಕಾರಿ ಅಂಗಡಿಗಳ ಸಿಬ್ಬಂದಿ ಅಮೆರಿಕದ ವಿಸ್ಕಿ, ವೈನ್ ಬಾಟಲಿಗಳನ್ನೆಲ್ಲ ಕಪಾಟಿನಿಂದ ಇಳಿಸಿ ಪೆಟ್ಟಿಗೆಗೆ ತುಂಬಿದರು. ಸೂಪರ್‌ಮಾರ್ಕೆಟ್‌ಗಳಲ್ಲಿ ದೇಶೀ ಸರಕಿನ ಬೆಲೆಚೀಟಿ ಮೇಲೆ ಮೇಪಲ್ ಎಲೆ ಬಂತು. ಜನ ಟೊಮೆಟೊ ಡಬ್ಬಿ ತಿರುಗಿಸಿ ಎಲ್ಲಿಯದು ಎಂದು ಓದತೊಡಗಿದರು. ಏಪ್ರಿಲ್‌ನಲ್ಲಿ ಕಾರಿನಲ್ಲಿ ಅಮೆರಿಕಕ್ಕೆ ಹೋಗಿಬಂದ ಕೆನಡಾದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಚುನಾವಣೆಯೇ ತಲೆಕೆಳಗಾಯಿತು. ಸೋತೇಬಿಟ್ಟರು ಎನ್ನುತ್ತಿದ್ದ ಲಿಬರಲ್ ಪಕ್ಷ ಏಪ್ರಿಲ್ 28ರಂದು ಮಾರ್ಕ್ ಕಾರ್ನಿ ನೇತೃತ್ವದಲ್ಲಿ ಮತ್ತೆ ಗೆದ್ದಿತು. ಇಲ್ಲೊಂದು ನಮ್ಮ ಎಳೆ ಇದೆ. ಕಾರ್ನಿ ಗೆದ್ದ ನೇಪಿಯನ್ ಕ್ಷೇತ್ರ ಅಲ್ಲಿಯವರೆಗೆ ತುಮಕೂರು ಜಿಲ್ಲೆ ಮೂಲದ ಚಂದ್ರ ಆರ್ಯ ಅವರದು, 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡ ಮಾತಾಡಿದವರು. ಪಕ್ಷ ಆ ಸಲ ಅವರಿಗೆ ಟಿಕೆಟ್ ಕೊಡಲಿಲ್ಲ.

ಹಾಗಂತ ಇದು ಬರೀ ಜಗಳದ ಸಂಬಂಧ ಅಂದುಕೊಳ್ಳಬೇಡಿ. 1917ರ ಡಿಸೆಂಬರ್‌ನಲ್ಲಿ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು ಊರಿನ ದೊಡ್ಡ ಭಾಗ ನೆಲಸಮವಾದಾಗ, ಬಾಸ್ಟನ್‌ನಿಂದ ಹಿಮದ ನಡುವೆ ರೈಲಿನಲ್ಲಿ ವೈದ್ಯರು, ನರ್ಸ್‌ಗಳು ಹೊರಟು ಬಂದರು. ಆ ಋಣಕ್ಕೆ ನೋವಾ ಸ್ಕೋಶಿಯಾ ಈಗಲೂ ಪ್ರತಿ ವರ್ಷ ಬಾಸ್ಟನ್‌ಗೆ ಕ್ರಿಸ್ಮಸ್ ಮರ ಕಳಿಸುತ್ತದೆ. 2001ರ ಸೆಪ್ಟೆಂಬರ್ 11ರಂದು ದಾರಿ ಬದಲಿಸಬೇಕಾಗಿ ಬಂದ 38 ವಿಮಾನಗಳು ಕೆನಡಾದ ಗ್ಯಾಂಡರ್ ಎಂಬ ಪುಟ್ಟ ಊರಲ್ಲಿ ಇಳಿದಾಗ, ಆರೂವರೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿಗೆ ಅಲ್ಲಿನ ಜನ ಶಾಲೆ, ಚರ್ಚು, ಮನೆ ಬಿಟ್ಟುಕೊಟ್ಟರು. ಆಮೇಲೆ ಅಮೆರಿಕದ ಜೊತೆ ಅಫ್ಘಾನಿಸ್ತಾನಕ್ಕೆ ಹೋಗಿ 158 ಕೆನಡಾ ಸೈನಿಕರು ಸತ್ತರು. 51ನೇ ರಾಜ್ಯದ ಮಾತು ಅಷ್ಟು ನೋಯಿಸಿದ್ದು ಈ ಲೆಕ್ಕ ಅವರ ಮನಸ್ಸಿನಲ್ಲಿ ಇದ್ದದ್ದಕ್ಕೆ. ನಿಮ್ಮ ಮಗನಿಗೆ ಇದನ್ನು ಹೇಳಿ.

ಮಗಳಿಗೂ ಒಂದು ಮಾತು ಹೇಳಬೇಕು. ಕೆನಡಾದ ವಿನಯದಲ್ಲೂ ಒಂಥರಾ ಜಂಬ ಇದೆ. ಅಮೆರಿಕದಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಸರೆ ಕೊಟ್ಟ ಕಥೆ ಹೇಳುತ್ತಾರೆ. 1834ರ ತನಕ ತಮ್ಮಲ್ಲೂ ಗುಲಾಮಗಿರಿ ಕಾನೂನುಬದ್ಧವಾಗಿತ್ತು ಅನ್ನುವುದನ್ನು ಹೇಳುವುದು ಕಡಿಮೆ. ಮೂಲನಿವಾಸಿಗಳ ಒಂದೂವರೆ ಲಕ್ಷ ಮಕ್ಕಳನ್ನು ವಸತಿ ಶಾಲೆಗಳಿಗೆ ತುಂಬಿ ಭಾಷೆ ಮರೆಸಿದರು. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. 1914ರಲ್ಲಿ ಹಾಂಗ್‌ಕಾಂಗ್‌ನಿಂದ ಹೊರಟ ಕೊಮಗಾಟಾ ಮಾರು ಹಡಗಿನಲ್ಲಿ ಹೋದ 376 ಭಾರತೀಯರಲ್ಲಿ ಹೆಚ್ಚಿನವರಿಗೆ ವ್ಯಾಂಕೂವರ್‌ನಲ್ಲಿ ಇಳಿಯಲೂ ಬಿಡದೆ ವಾಪಸ್ ಅಟ್ಟಿದರು. "ಅಮೆರಿಕಕ್ಕಿಂತ ವಾಸಿ" ಅನ್ನುವ ಅಳತೆಗೋಲು ಹಿಡಿದರೆ ಇಂಥವೆಲ್ಲ ಮರೆಗೆ ಸರಿಯುತ್ತವೆ. ಕ್ವಿಬೆಕ್‌ನವರಿಗಂತೂ ಈ ಇಡೀ ಲೆಕ್ಕವೇ ಬೇರೆ. ಅವರ ಹೆಮ್ಮೆ ಫ್ರೆಂಚ್ ಭಾಷೆಯದು, ಅವರ ಹಳೇ ಜಗಳ ಇಂಗ್ಲಿಷ್ ಕೆನಡಾ ಜೊತೆಗೇ. ಅದನ್ನು ಬರೆಯಹೊರಟರೆ ಇನ್ನೊಂದು ಪತ್ರ ಬೇಕು.

ಇನ್ನು ನೀವು ಮಾಡಬಹುದಾದದ್ದು. ನಮ್ಮೂರುಗಳಲ್ಲಿ ಯಾರೇ ಆ ಕಡೆ ಹೋದರೂ "ಅಮೆರಿಕದಲ್ಲಿದ್ದಾರೆ" ಅನ್ನುತ್ತೇವೆ, ಅಲ್ವಾ? ಮಗಳ ಬಗ್ಗೆ ಹಾಗೆ ಹೇಳುವುದನ್ನು ಮೊದಲು ಬಿಡಿ, ಅರ್ಧ ಮುನಿಸು ಇಳಿಯುತ್ತದೆ. ಮುಂದಿನ ಸಲ ನೀವು ಹೋದಾಗ ಎರಡೂ ಸಂಸಾರ ನಯಾಗರಾದಲ್ಲಿ ಸೇರಿ. ಹೇಗಿದ್ದರೂ ಅಪ್ಪ ಅಮ್ಮ ಬಂದರೆ ಎಲ್ಲರೂ ಕರೆದುಕೊಂಡು ಹೋಗುವುದು ಅಲ್ಲಿಗೇ. ಜಲಪಾತ ನೋಡಿದ ಮೇಲೆ ನದಿಯ ಗುಂಟ ಸ್ವಲ್ಪ ಉತ್ತರಕ್ಕೆ ಹೋದರೆ ಕ್ವೀನ್‌ಸ್ಟನ್ ಗುಡ್ಡ, ಅಲ್ಲಿ ಬ್ರಾಕ್ ಸ್ಮಾರಕ, ಕೆಳಗೆ ಲಾರಾ ಸೆಕಾರ್ಡ್ ಮನೆ. ಸ್ಮಾರಕದೊಳಗೆ 235 ಮೆಟ್ಟಿಲು, ಮಂಡಿ ನೋವಿದ್ದರೆ ಹತ್ತಬೇಡಿ, ಮೊಮ್ಮಕ್ಕಳನ್ನು ಕಳಿಸಿ. ಆಮೇಲೆ ಸೇತುವೆ ದಾಟಿ ಅಮೆರಿಕದ ಕಡೆಯ ಫೋರ್ಟ್ ನಯಾಗರಾಕ್ಕೂ ಹೋಗಿ, ಅದೇ ಯುದ್ಧದ ಕಥೆಯನ್ನು ಅಲ್ಲಿಯವರ ಬಾಯಲ್ಲೂ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮಗೆ ಎರಡೂ ದೇಶದ ವೀಸಾ ಬೇಕು, ಅಮೆರಿಕದ್ದಕ್ಕೆ ಕಾಯುವುದು ಜಾಸ್ತಿ. ಅರ್ಜಿಯನ್ನು ಈಗಲೇ ಹಾಕಿಬಿಡಿ.